ಎದೆಯೊಳಗಿನ ನಾಲ್ಕು ಬಾಗಿಲು

ಮಕ್ಕಳೇ, ಬ್ಯಾಂಕಿನಲ್ಲಿ ಲೆಕ್ಕ ಬರೆದೇ ಮುದುಕನಾದವನು ನಾನು. ಹಾಗಾಗಿ ಒಂದು ಲೆಕ್ಕದಿಂದಲೇ ಶುರು ಮಾಡುತ್ತೇನೆ. ಹೃದಯ ನಿಮಿಷಕ್ಕೆ 72 ಸಲ ಬಡಿದರೆ ದಿನಕ್ಕೆ 1,03,680 ಸಲ. ಪ್ರತಿ ಬಡಿತಕ್ಕೂ ಅದರೊಳಗಿನ ನಾಲ್ಕು ಕವಾಟಗಳು ತೆರೆದು ಮುಚ್ಚಬೇಕು. ಕವಾಟ ಎಂದರೆ ಬಾಗಿಲು. ತಾತನ ಎದೆಗೆ ಕಿವಿಯಿಟ್ಟರೆ ಕೇಳುವ 'ಲಬ್ ಡಬ್' ಈ ಬಾಗಿಲುಗಳು ಮುಚ್ಚುವ ಸದ್ದು.

ನಮ್ಮ ಬೇಗೂರಿನ ಕಡೆ ತೆರೆದ ಬಾವಿಗೆ ಪಂಪ್ ಇಟ್ಟಿದ್ದ ಹಿರಿಯರಿಗೆ ಫುಟ್‌ವಾಲ್ವ್ ಗೊತ್ತು. ಅದು ಸವೆದರೆ ಪೈಪಿನ ನೀರು ಮತ್ತೆ ಬಾವಿಗೇ ಇಳಿಯುತ್ತದೆ. ಹೃದಯದ ಕವಾಟ ಕೆಟ್ಟರೂ ಹೀಗೇ ರಕ್ತ ಹಿಂದಕ್ಕೆ ಸೋರುತ್ತದೆ. ಇಲ್ಲವೇ ಬಾಗಿಲು ಬಿಗಿದುಕೊಂಡು ರಕ್ತ ಮುಂದಕ್ಕೆ ಹೋಗುವುದಿಲ್ಲ.

ಕೆಡುವುದು ಹೇಗೆ? ನಮ್ಮ ದೇಶದಲ್ಲಿ ಎಷ್ಟೋ ಸಲ ಗಂಟಲು ನೋವಿನಿಂದ! ಎಲ್ಲ ಗಂಟಲು ನೋವೂ ಅಲ್ಲ, ಸ್ಟ್ರೆಪ್ಟೋಕಾಕಸ್ ಎಂಬ ರೋಗಾಣುವಿನದು. ಅದರೊಂದಿಗೆ ಹೋರಾಡುವ ದೇಹದ ಕಾವಲು ಪಡೆಯೇ ಕೆಲವು ಮಕ್ಕಳಲ್ಲಿ ಗುರುತು ತಪ್ಪಿ ಕೀಲುಗಳ ಮೇಲೂ ಕವಾಟಗಳ ಮೇಲೂ ಬೀಳುತ್ತದೆ. ಇದೇ ರುಮ್ಯಾಟಿಕ್ ಜ್ವರ. 5ರಿಂದ 15 ವರ್ಷದವರಲ್ಲಿ ಹೆಚ್ಚು. ಗಂಟಲು ವಾಸಿಯಾಗಿ ಎರಡು ಮೂರು ವಾರಕ್ಕೆ ಜ್ವರ ಬಂದು ಇವತ್ತು ಮಂಡಿ, ನಾಳೆ ಕಾಲಿನ ಗಿಣ್ಣು ಊದಿಕೊಳ್ಳುತ್ತದೆ. ಆಟದಲ್ಲಿ ಬಿದ್ದಿರಬೇಕೆಂದು ಅಜ್ಜಿ ಎಣ್ಣೆ ಹಚ್ಚಿ ಸುಮ್ಮನಾಗುತ್ತಾರೆ. ಕೀಲು ನೋವು ಹೋಗುತ್ತದೆ, ಕವಾಟದ ಗಾಯ ಉಳಿಯುತ್ತದೆ. ಹತ್ತಿಪ್ಪತ್ತು ವರ್ಷದ ಮೇಲೆ ಏದುಸಿರು, ಕಾಲು ಬಾವು. ಹೃದಯದೊಳಗೆ ಹೆಪ್ಪುಗಟ್ಟಿದ ರಕ್ತ ಮಿದುಳಿಗೆ ಹೋದರೆ ಪಾರ್ಶ್ವವಾಯು. ಹೆಣ್ಣುಮಕ್ಕಳಿಗೆ ಗರ್ಭಿಣಿಯಾದಾಗಲೇ ಇದು ಬಯಲಾಗುವುದೂ ಉಂಟು.

ತಡೆಯುವ ಮದ್ದು ಹಳೆಯದೇ, ಪೆನಿಸಿಲಿನ್. ಒಮ್ಮೆ ಈ ಜ್ವರ ಬಂದವರಿಗೆ ಮೂರು ವಾರಕ್ಕೊಂದು ಇಂಜೆಕ್ಷನ್, ವರ್ಷಗಟ್ಟಲೆ. ಕೆಲವರಿಗೆ 40ರ ವಯಸ್ಸಿನವರೆಗೂ. ಮಗು ಚೆನ್ನಾಗಿ ಓಡಾಡಿಕೊಂಡಿದೆಯಲ್ಲ ಎಂದು ಅರ್ಧಕ್ಕೇ ಬಿಡುವುದೇ ದೊಡ್ಡ ತೊಂದರೆ. ಸಾಲದ ಕಂತಿನಂತೆ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿಡಿ.

ಬಿಗಿದ ಕವಾಟವನ್ನು ಎಷ್ಟೋ ಸಲ ಎದೆ ಕೊಯ್ಯದೆ, ತೊಡೆಯ ರಕ್ತನಾಳದಿಂದ ಬಲೂನು ಕಳಿಸಿ ಬಿಡಿಸುತ್ತಾರೆ. ಪೂರಾ ಕೆಟ್ಟಿದ್ದರೆ ಹೊಸದು. ವಿದೇಶದ ಕವಾಟ ದುಬಾರಿಯಾಗಿದ್ದ ಕಾಲದಲ್ಲಿ ತಿರುವನಂತಪುರದ ಶ್ರೀಚಿತ್ರಾ ಸಂಸ್ಥೆಯಲ್ಲಿ ಡಾ. ಎಂ.ಎಸ್. ವಲಿಯತ್ತಾನ್ ತಂಡ ನಮ್ಮದೇ ಕವಾಟ ಮಾಡಿತು. ಮೂರು ಮಾದರಿ ವಿಫಲವಾಗಿ, ನಾಲ್ಕನೆಯದನ್ನು 1990ರ ಡಿಸೆಂಬರ್‌ನಲ್ಲಿ ರೋಗಿಗೆ ಜೋಡಿಸಿದರು. ವಲಿಯತ್ತಾನ್ ಮುಂದೆ ನಮ್ಮ ಮಣಿಪಾಲದ ವಿಶ್ವವಿದ್ಯಾಲಯಕ್ಕೆ ಮೊದಲ ಕುಲಪತಿಯಾಗಿ ಬಂದರು. ಇಂಥ ಕವಾಟ ಹಾಕಿಸಿಕೊಂಡವರು ರಕ್ತ ಹೆಪ್ಪುಗಟ್ಟದ ಮಾತ್ರೆಯನ್ನು ಜೀವನವಿಡೀ ನುಂಗಬೇಕು. ಹಲ್ಲು ಕೀಳಿಸುವ ಮುಂಚೆ ದಂತವೈದ್ಯರಿಗೆ ಹೇಳಲೇಬೇಕು. ಬಾಯಿಯ ರೋಗಾಣು ರಕ್ತದಲ್ಲಿ ಹೋಗಿ ಕವಾಟದಲ್ಲಿ ಮನೆ ಮಾಡಬಹುದು.

ಇನ್ನು ನನ್ನ ವಯಸ್ಸಿನವರಿಗೆ ಬೇರೆ ಕಾರಣ. ಕವಾಟಕ್ಕೆ ಸುಣ್ಣದಂಶ ಕಟ್ಟಿ ಗಡುಸಾಗುತ್ತದೆ. ಹೋದ ವರ್ಷ ಸಲೀಸಾಗಿ ಹತ್ತಿದ ಗೋಪಾಲಸ್ವಾಮಿ ಬೆಟ್ಟದ ಮೆಟ್ಟಿಲಲ್ಲಿ ಈ ವರ್ಷ ಎದೆ ಹಿಡಿದುಕೊಂಡರೆ, ತಲೆ ಸುತ್ತಿದರೆ, 'ವಯಸ್ಸಾಯ್ತು ಬಿಡು' ಎನ್ನಬೇಡಿ. ಡಾಕ್ಟರ ಸ್ಟೆತಸ್ಕೋಪಿಗೆ ಸದ್ದಿನ ವ್ಯತ್ಯಾಸ ಸಿಕ್ಕೀತು. ಎಕೋ ಪರೀಕ್ಷೆಗೆ ಸೂಜಿಯೂ ಬೇಡ, ನೋವೂ ಇಲ್ಲ.