ಮೊಬೈಲಿನಲ್ಲಿ ವಿಡಿಯೋ ಸಂಕಲನ: ಬೆಳೆಗಾರರಿಗೆ ಕೆಲವು ಪ್ರಾಥಮಿಕ ವಿಷಯಗಳು



ಈಗ ನಮ್ಮ ತೋಟಗಳಲ್ಲಿ ಕತ್ತಿ, ದೋಟಿ, ಸಿಂಪಡಣೆ ಯಂತ್ರಗಳ ಜತೆಗೆ ಮೊಬೈಲ್ ಫೋನೂ ಒಂದು ಉಪಕರಣವಾಗಿದೆ. ಕೊಳೆರೋಗ ತಗುಲಿದ ಗೊನೆ, ಕಾಂಡಕೊರಕ ಹೊಕ್ಕ ಕಾಫಿ ಗಿಡ, ಹೊಸದಾಗಿ ಕಟ್ಟಿದ ಒಣಗಿಸುವ ಮನೆ, ಹೀಗೆ ಎಲ್ಲವನ್ನೂ ನಾವು ವಿಡಿಯೋ ತೆಗೆದು ಒಬ್ಬರಿಗೊಬ್ಬರು ಕಳುಹಿಸುತ್ತೇವೆ. ಆದರೆ ಹದಿನೈದು ನಿಮಿಷದ ವಿಡಿಯೋವನ್ನು ಕೊನೆಯವರೆಗೆ ನೋಡುವ ತಾಳ್ಮೆ ಯಾರಿಗೂ ಇರುವುದಿಲ್ಲ. ಬೇಕಾದ ವಿಷಯ ಹನ್ನೆರಡನೆಯ ನಿಮಿಷದಲ್ಲಿದ್ದರೆ ಅದು ಇದ್ದೂ ಇಲ್ಲದಂತೆ. ಬೇಡವಾದದ್ದನ್ನು ತೆಗೆದು ಬೇಕಾದದ್ದನ್ನು ಕ್ರಮವಾಗಿ ಜೋಡಿಸುವ ಕೆಲಸಕ್ಕೆ ಸಂಕಲನ ಎಂದು ಹೆಸರು. ಅದನ್ನು ಮೊಬೈಲಿನಲ್ಲೇ ಮಾಡುವ ಬಗೆಯನ್ನು ಇಲ್ಲಿ ವಿವರಿಸಲಾಗಿದೆ.

ಹಿಂದಿನ ಪದ್ಧತಿ

ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ ತೆರೆಕಂಡ 1934ರ ಕಾಲದಲ್ಲಿ ಸಂಕಲನವೆಂದರೆ ಅಕ್ಷರಶಃ ಕತ್ತರಿ ಕೆಲಸ. 35 ಮಿಲಿಮೀಟರ್ ಫಿಲಂನಲ್ಲಿ ಒಂದು ಸೆಕೆಂಡಿಗೆ 24 ಚಿತ್ರಗಳಂತೆ ನಿಮಿಷಕ್ಕೆ 90 ಅಡಿ ಸುರುಳಿ ಓಡುತ್ತಿತ್ತು. ಬೇಡದ ಭಾಗವನ್ನು ಕತ್ತರಿಸಿ ಉಳಿದ ತುದಿಗಳನ್ನು ಅಂಟಿಸಬೇಕಾಗಿತ್ತು. ಈಗಿನ ಮೊಬೈಲ್ ಆ್ಯಪ್‌ಗಳಲ್ಲಿ ಕತ್ತರಿಯೂ ಇಲ್ಲ, ಅಂಟೂ ಇಲ್ಲ. ಆದರೂ ಗುಂಡಿಯ ಮೇಲೆ ಕತ್ತರಿಯ ಚಿತ್ರವೇ ಉಳಿದುಕೊಂಡಿದೆ. ಇನ್ನೊಂದು ದೊಡ್ಡ ವ್ಯತ್ಯಾಸವನ್ನು ಗಮನಿಸತಕ್ಕದ್ದು. ಆ್ಯಪ್‌ನಲ್ಲಿ ನಾವು ಎಷ್ಟೇ ಕತ್ತರಿಸಿದರೂ ಸಾಮಾನ್ಯವಾಗಿ ಮೂಲ ವಿಡಿಯೋಗೆ ಧಕ್ಕೆಯಾಗುವುದಿಲ್ಲ. ಎಲ್ಲಿಂದ ಎಲ್ಲಿಯವರೆಗೆ ತೋರಿಸಬೇಕೆಂಬ ಲೆಕ್ಕವನ್ನು ಮಾತ್ರ ಆ್ಯಪ್ ಇಟ್ಟುಕೊಳ್ಳುತ್ತದೆ. ಆದ್ದರಿಂದ ಹೆದರದೆ ಕೈ ಹಾಕಬಹುದು. ಆದರೆ ಕೆಲಸ ಮುಗಿಯುವ ಮೊದಲೇ ಮೂಲ ವಿಡಿಯೋವನ್ನು ಗ್ಯಾಲರಿಯಿಂದ ಅಳಿಸಿದರೆ ಆ ಲೆಕ್ಕದಿಂದ ಪ್ರಯೋಜನವಿಲ್ಲ.

ಆ್ಯಪ್ ಆರಿಸುವಾಗ

2020ರ ಜೂನ್ 29ರಂದು ಕೇಂದ್ರ ಸರ್ಕಾರವು 59 ಆ್ಯಪ್‌ಗಳನ್ನು ನಿಷೇಧಿಸಿತು. ಆ ಪಟ್ಟಿಯಲ್ಲಿ ಟಿಕ್‌ಟಾಕ್ ಮಾತ್ರವಲ್ಲದೆ ವೀವಾ ವಿಡಿಯೋ ಎಂಬ ಸಂಕಲನದ ಆ್ಯಪ್ ಕೂಡ ಇತ್ತು. ನಿಷೇಧಿತ ಆ್ಯಪ್‌ಗಳ ಪ್ರತಿಯನ್ನು ಅಪರಿಚಿತರು ಕಳುಹಿಸಿದ ಲಿಂಕಿನಿಂದ ಇಳಿಸಿಕೊಳ್ಳುವುದು ಅಪಾಯಕರ. ಅದೇ ಫೋನಿನಲ್ಲಿ ನಿಮ್ಮ ಬ್ಯಾಂಕಿನ ವ್ಯವಹಾರವೂ ಇರುತ್ತದೆ. ಪ್ಲೇ ಸ್ಟೋರಿನಲ್ಲಿ ದೊರೆಯುವ ಇನ್‌ಶಾಟ್, ಕೈನ್‌ಮಾಸ್ಟರ್ ಮುಂತಾದವು ಹೊಸಬರಿಗೆ ಸಾಕು. ಯೂಟ್ಯೂಬ್ ಸಂಸ್ಥೆಯು 2023ರಲ್ಲಿ ಯೂಟ್ಯೂಬ್ ಕ್ರಿಯೇಟ್ ಎಂಬ ಉಚಿತ ಆ್ಯಪ್ ಹೊರತಂದಿತು. ಗುಂಡಿಗಳ ಜಾಗ ಬೇರೆಯಾದರೂ ಕೆಲಸ ಎಲ್ಲದರಲ್ಲೂ ಒಂದೇ.

ಒಂದು ಉದಾಹರಣೆ: ಬೋರ್ಡೋ ದ್ರಾವಣ

ಶೇಕಡ 1ರ ಬೋರ್ಡೋ ದ್ರಾವಣ ತಯಾರಿಸುವುದನ್ನು ಹೊಸ ಕೆಲಸಗಾರರಿಗೆ ತೋರಿಸಲು ವಿಡಿಯೋ ತೆಗೆದಿದ್ದೀರಿ ಎಂದಿಟ್ಟುಕೊಳ್ಳೋಣ. ಒಟ್ಟು 14 ನಿಮಿಷ ಆಗಿದೆ. ಅದನ್ನು 3 ನಿಮಿಷಕ್ಕೆ, ಎಂದರೆ 180 ಸೆಕೆಂಡಿಗೆ ಇಳಿಸಬೇಕು. ಆ್ಯಪ್ ತೆರೆಯುವ ಮೊದಲು ಒಂದು ಚೀಟಿಯಲ್ಲಿ ಹೀಗೆ ಬರೆದುಕೊಳ್ಳಿ:

1. 1 ಕಿಲೋ ಮೈಲುತುತ್ತು, 1 ಕಿಲೋ ಸುಣ್ಣ, 100 ಲೀಟರ್ ನೀರು: 15 ಸೆಕೆಂಡು
2. ಪ್ಲಾಸ್ಟಿಕ್ ಪಾತ್ರೆಯಲ್ಲಿ 50 ಲೀಟರ್ ನೀರಿಗೆ ಮೈಲುತುತ್ತು ಕರಗಿಸುವುದು: 25 ಸೆಕೆಂಡು
3. ಇನ್ನೊಂದು ಪಾತ್ರೆಯಲ್ಲಿ 50 ಲೀಟರ್ ಸುಣ್ಣದ ನೀರು ಮಾಡಿ ಸೋಸುವುದು: 30 ಸೆಕೆಂಡು
4. ಮೈಲುತುತ್ತಿನ ನೀರನ್ನು ಸುಣ್ಣದ ನೀರಿಗೆ ಸುರಿಯುತ್ತ ಕಲಕುವುದು: 30 ಸೆಕೆಂಡು
5. ಚಾಕುವಿನ ಪರೀಕ್ಷೆ: 40 ಸೆಕೆಂಡು
6. ಗೊನೆಗೆ ಸಿಂಪಡಣೆ: 30 ಸೆಕೆಂಡು
7. ಎಚ್ಚರಿಕೆಯ ಮಾತು: 10 ಸೆಕೆಂಡು

ಈ ಚೀಟಿ ಇದ್ದರೆ ಅರ್ಧ ಸಂಕಲನ ಮುಗಿದಂತೆಯೇ.

ಉಪಕರಣಗಳು

ಟೈಮ್‌ಲೈನ್: ವಿಡಿಯೋವನ್ನು ಆ್ಯಪ್‌ಗೆ ಸೇರಿಸಿದ ಕೂಡಲೇ ಕೆಳಗಡೆ ಉದ್ದವಾದ ಪಟ್ಟಿಯೊಂದು ಕಾಣುತ್ತದೆ. ಇದೇ ಟೈಮ್‌ಲೈನ್. ಮಧ್ಯದಲ್ಲಿ ಒಂದು ನೆಟ್ಟಗಿನ ಗೆರೆ ಇರುತ್ತದೆ. ಗೆರೆಯ ಕೆಳಗೆ ಬಂದ ಕ್ಷಣವೇ ಮೇಲಿನ ಪರದೆಯಲ್ಲಿ ಕಾಣುವ ಕ್ಷಣ. ಪಟ್ಟಿಯ ಮೇಲೆ ಎರಡು ಬೆರಳಿಟ್ಟು ಹಿಗ್ಗಿಸಿದರೆ ಸೆಕೆಂಡುಗಳು ಬಿಡಿಬಿಡಿಯಾಗಿ ತೋರುತ್ತವೆ.

ಟ್ರಿಮ್: ತುಂಡಿನ ಮೇಲೆ ಒತ್ತಿದರೆ ಎರಡು ತುದಿಗಳಲ್ಲಿ ಹಿಡಿಕೆಗಳು ಮೂಡುತ್ತವೆ. ಅವನ್ನು ಒಳಕ್ಕೆ ಎಳೆದರೆ ಆರಂಭದ ಅಲುಗಾಟ, ಕೊನೆಯ “ಆಫ್ ಮಾಡು” ಎಂಬ ಮಾತು ಮುಂತಾದವು ಹೋಗುತ್ತವೆ. ಹೆಚ್ಚು ಎಳೆದಿದ್ದರೆ ಪುನಃ ಹೊರಕ್ಕೆ ಎಳೆಯಬಹುದು.

ಸ್ಪ್ಲಿಟ್: ಇದೇ ಕತ್ತರಿಯ ಗುಂಡಿ. ಗೆರೆ ನಿಂತಲ್ಲಿ ತುಂಡು ಎರಡಾಗುತ್ತದೆ. ನಡುವೆ ಯಾರೋ ಬಂದು ಮಾತಾಡಿಸಿದ್ದರೆ ಆ ಭಾಗದ ಹಿಂದೆ ಒಮ್ಮೆ, ಮುಂದೆ ಒಮ್ಮೆ ಸ್ಪ್ಲಿಟ್ ಮಾಡಿ ಮಧ್ಯದ ತುಂಡನ್ನು ಡಿಲೀಟ್ ಮಾಡಬೇಕು. ತಪ್ಪಿದರೆ ಹಿಂದಕ್ಕೆ ಬಾಗಿದ ಬಾಣದ ಗುರುತಿನ ಅನ್‌ಡೂ ಒತ್ತಿ.

ಸ್ಥಳಾಂತರ: ತುಂಡನ್ನು ಒತ್ತಿ ಹಿಡಿದು ಬೇರೆ ಜಾಗಕ್ಕೆ ಎಳೆಯಬಹುದು. ಆದರೆ ತಯಾರಿಕೆಯ ಕ್ರಮವನ್ನು ಮಾತ್ರ ಅದಲುಬದಲು ಮಾಡಕೂಡದು. ನೋಡುವವನು ತೆರೆಯ ಮೇಲಿನ ಕ್ರಮವನ್ನೇ ತೋಟದಲ್ಲಿ ಅನುಸರಿಸುತ್ತಾನೆ.

ಸ್ಪೀಡ್: ಮೈಲುತುತ್ತು ಕರಗುವುದನ್ನು ಪೂರ್ತಿ ತೋರಿಸಬೇಕಾಗಿಲ್ಲ. 100 ಸೆಕೆಂಡಿನ ತುಂಡು ನಾಲ್ಕು ಪಟ್ಟು ವೇಗದಲ್ಲಿ 25 ಸೆಕೆಂಡಿಗೆ ಇಳಿಯುತ್ತದೆ. ಆದರೆ ವೇಗ ಹೆಚ್ಚಿಸಿದ ಕಡೆ ನಿಜವಾಗಿ ಎಷ್ಟು ಹೊತ್ತು ಹಿಡಿಯಿತೆಂಬುದನ್ನು ಅಕ್ಷರದಲ್ಲಿ ಬರೆಯತಕ್ಕದ್ದು.

ಟೆಕ್ಸ್ಟ್: ಅಳತೆಗಳನ್ನು ದಪ್ಪ ಕನ್ನಡ ಅಕ್ಷರಗಳಲ್ಲಿ ಕಾಣಿಸಿ. ನಿಧಾನವಾಗಿ ಎರಡು ಸಲ ಓದುವಷ್ಟು ಹೊತ್ತು ಬರಹ ನಿಲ್ಲಬೇಕು.

ಧ್ವನಿ: ಗಾಳಿಯ ಸದ್ದು, ಯಂತ್ರದ ಸದ್ದು ಹೆಚ್ಚಾಗಿದ್ದರೆ ಮೂಲ ಧ್ವನಿಯನ್ನು ತಗ್ಗಿಸಿ, ಮನೆಯೊಳಗೆ ಕುಳಿತು ವಾಯ್ಸ್ ಓವರ್ ಮೂಲಕ ವಿವರಣೆ ಸೇರಿಸಬಹುದು. ಹಿನ್ನೆಲೆ ಸಂಗೀತ ಅನಾವಶ್ಯಕ. ಸಿನಿಮಾ ಹಾಡು ಹಾಕಿದರೆ ಯೂಟ್ಯೂಬಿನಲ್ಲಿ ಹಕ್ಕುಸ್ವಾಮ್ಯದ ತಕರಾರು ಬರಬಹುದು.

ಎಕ್ಸ್‌ಪೋರ್ಟ್: ಎಲ್ಲ ತುಂಡುಗಳನ್ನು ಒಂದೇ ವಿಡಿಯೋ ಮಾಡುವ ಕೊನೆಯ ಹಂತವಿದು. ವಾಟ್ಸಾಪಿಗೆ 720 ಎಂಬ ಅಳತೆ ಸಾಕು. ಸಭೆಯಲ್ಲಿ ದೊಡ್ಡ ಪರದೆಯ ಮೇಲೆ ತೋರಿಸುವುದಿದ್ದರೆ 1080 ಆರಿಸಿ.

ಯಾವುದನ್ನು ಕತ್ತರಿಸಬಾರದು?

ಇದು ಈ ಲೇಖನದ ಮುಖ್ಯ ವಿಷಯ. ಮೇಲಿನ ಉದಾಹರಣೆಯಲ್ಲಿ ಅತಿ ನೀರಸವಾಗಿ ತೋರುವ ಭಾಗ ಚಾಕುವಿನ ಪರೀಕ್ಷೆ. ಹೊಳೆಯುವ ಚಾಕುವನ್ನು ದ್ರಾವಣದಲ್ಲಿ ಸ್ವಲ್ಪ ಹೊತ್ತು ಅದ್ದಿ ತೆಗೆದಾಗ ಅಲಗಿನ ಮೇಲೆ ಕೆಂಪು ಬಣ್ಣ ಕೂತಿದ್ದರೆ ತಾಮ್ರ ಇನ್ನೂ ಬಿಡಿಯಾಗಿ ಉಳಿದಿದೆ ಎಂದು ಅರ್ಥ. ಆಗ ಮತ್ತಷ್ಟು ಸುಣ್ಣದ ನೀರು ಸೇರಿಸಬೇಕು. ಇಲ್ಲವಾದರೆ ದ್ರಾವಣದಿಂದ ಬೆಳೆ ಸುಟ್ಟಂತಾಗುತ್ತದೆ. ವಿಡಿಯೋ ಚಿಕ್ಕದಾಗಲೆಂದು ಈ 40 ಸೆಕೆಂಡನ್ನು ತೆಗೆದುಹಾಕಿದರೆ ಚಿತ್ರ ಚೆನ್ನಾಗಿ ಕಂಡೀತು, ಅದನ್ನು ನಂಬಿದವನ ತೋಟ ಕೆಟ್ಟೀತು. ಕೈ ನಡುಗಿದ್ದರೂ, ಬೆಳಕು ಮಂಕಾಗಿದ್ದರೂ ಪರೀಕ್ಷೆ, ಅಳತೆ, ಎಚ್ಚರಿಕೆ ಈ ಮೂರನ್ನು ಉಳಿಸಿಕೊಳ್ಳಬೇಕು.

ಕೃಷ್ಣಾತೀರದಿಂದ ಎರಡು ಪಾಠಗಳು

ಏತ ನೀರಾವರಿ ಯೋಜನೆಯ ಹೆಸರಿನಿಂದ ತುಬಚಿ ನಮ್ಮಲ್ಲಿ ಅನೇಕರಿಗೆ ಪರಿಚಿತ. ಜಮಖಂಡಿ ತಾಲೂಕಿನ ಆ ಸೀಮೆಯಲ್ಲಿ ಕಾಫಿಯಿಲ್ಲ, ಕಬ್ಬು ಪ್ರಧಾನ. ಆದರೂ ಅಲ್ಲಿಯ ರೈತನ ಕೈಯಲ್ಲಿರುವ ಮೊಬೈಲೂ ನಮ್ಮ ಮೊಬೈಲೂ ಒಂದೇ, ಕಷ್ಟವೂ ಬಹುಮಟ್ಟಿಗೆ ಒಂದೇ.

2018ರ ಆಗಸ್ಟಿನಲ್ಲಿ ಕೊಡಗಿನಲ್ಲಿ ಗುಡ್ಡಗಳು ಕುಸಿದವು. 2019ರ ಆಗಸ್ಟಿನಲ್ಲಿ ಜಮಖಂಡಿ ತಾಲೂಕಿನ ಕೃಷ್ಣಾತೀರದ ಹೊಲಗಳಿಗೆ ಪ್ರವಾಹ ನುಗ್ಗಿತು. ಅಂಥ ಸಮಯದಲ್ಲಿ ತೆಗೆದ ವಿಡಿಯೋ ನಷ್ಟಕ್ಕೆ ಸಾಕ್ಷಿ. ಮೂಲ ಕಡತದಲ್ಲಿ ತೆಗೆದ ದಿನ, ವೇಳೆ ದಾಖಲಾಗಿರುತ್ತವೆ. ಸಂಕಲನ ಮಾಡಿ ಎಕ್ಸ್‌ಪೋರ್ಟ್ ಮಾಡಿದ ಪ್ರತಿಗೆ ಹೊಸ ದಿನಾಂಕ ಬೀಳುತ್ತದೆ. ಆದುದರಿಂದ ಹಾನಿಯ ವಿಡಿಯೋವನ್ನು ಕತ್ತರಿಸದೆ, ಅಕ್ಷರ ಸೇರಿಸದೆ ಹಾಗೆಯೇ ಬೇರೆ ಕಡೆ ನಕಲು ಮಾಡಿ ಇಟ್ಟುಕೊಳ್ಳಿ. ಹಂಚಲು ಬೇಕಾದರೆ ಇನ್ನೊಂದು ಚಿಕ್ಕ ಪ್ರತಿ ಮಾಡಿಕೊಳ್ಳಿ.

ಎರಡನೆಯದು, ಅದೇ ತಾಲೂಕಿನ ಚಿಕ್ಕಪಡಸಲಗಿಯಲ್ಲಿ ರೈತರು ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ತಮ್ಮದೇ ವಂತಿಗೆ, ತಮ್ಮದೇ ಶ್ರಮದಿಂದ ಕೃಷ್ಣೆಗೆ ಕಟ್ಟಿದ ಬ್ಯಾರೇಜು. 1989ರ ಆ ಕೆಲಸದಲ್ಲಿ ದುಡಿದವರು ಈಗ ವೃದ್ಧರು. ನಮ್ಮ ಸಹಕಾರ ಸಂಘಗಳಿಗೆ ತಳಹದಿ ಹಾಕಿದ ಹಿರಿಯರ ವಿಷಯವೂ ಹಾಗೆಯೇ. ಇಂಥವರ ಮಾತನ್ನು ಈಗಲೇ ದಾಖಲಿಸಿಕೊಳ್ಳಬೇಕು. ಕೆಮ್ಮು, ಮೌನ, ಎರಡೆರಡು ಸಲ ಬಂದ ಮಾತುಗಳನ್ನು ತೆಗೆಯಬಹುದು. ಆದರೆ ಅರ್ಥ ಕೆಡಬಾರದು. “ಔಷಧ ಹೊಡೆದೆವು, ರೋಗ ಬರಲಿಲ್ಲ. ಆದರೆ ಆ ವರ್ಷ ಮಳೆಯೂ ಕಡಿಮೆ” ಎಂದು ಹಿರಿಯರೊಬ್ಬರು ಹೇಳಿದರೆ, ಎರಡನೆಯ ವಾಕ್ಯವನ್ನು ಕತ್ತರಿಸುವುದು ಅವರ ಬಾಯಲ್ಲಿ ಸುಳ್ಳು ಹೇಳಿಸಿದಂತೆ. ಸಂಕಲನವಾದ ಮೇಲೆ ಮಾತನಾಡಿದವರಿಗೇ ಮೊದಲು ತೋರಿಸಿ, ಒಪ್ಪಿಗೆ ಪಡೆದು ಹಂಚುವುದು ಉತ್ತಮ ಪದ್ಧತಿ.

ಕೊನೆಯ ಮಾತು

2006ರಲ್ಲಿ ಬೆಂಗಳೂರಿನ ಮೈಕ್ರೋಸಾಫ್ಟ್ ಸಂಶೋಧನಾಲಯದಲ್ಲಿ ಆರಂಭವಾದ ಡಿಜಿಟಲ್ ಗ್ರೀನ್ ಎಂಬ ಪ್ರಯತ್ನವು ಕರ್ನಾಟಕದ ಕೆಲವು ಹಳ್ಳಿಗಳಲ್ಲಿ ಸ್ಥಳೀಯ ರೈತರಿಂದಲೇ ವಿಡಿಯೋ ಮಾಡಿಸಿ ಊರವರಿಗೆ ತೋರಿಸಿತು. ಬರಿಯ ಭೇಟಿ-ಉಪದೇಶಕ್ಕಿಂತ ಹಲವು ಪಟ್ಟು ಹೆಚ್ಚು ರೈತರು ಹೊಸ ಕ್ರಮಗಳನ್ನು ಅಳವಡಿಸಿಕೊಂಡರು. ಅಲ್ಲಿ ಚಿತ್ರ ತೋರಿಸಿ ಸುಮ್ಮನಾಗಲಿಲ್ಲ. ನಡುವೆ ನಿಲ್ಲಿಸಿ ಪ್ರಶ್ನೆ ಕೇಳಿ ಚರ್ಚಿಸಲು ಒಬ್ಬರು ಇರುತ್ತಿದ್ದರು. ನಮ್ಮ ಮಾಸಿಕ ಸಭೆಗಳಲ್ಲಿಯೂ ಇದು ಸಾಧ್ಯ. ಸದಸ್ಯರು ಈ ಮಳೆಗಾಲದ ಸಿಂಪಡಣೆಗೆ ಮುಂಚೆ ತಮ್ಮ ತೋಟದ ಯಾವುದಾದರೂ ಒಂದು ಕೆಲಸವನ್ನು ಮೂರು ನಿಮಿಷದ ವಿಡಿಯೋ ಮಾಡಿ ಸಭೆಗೆ ತರಬೇಕಾಗಿ ವಿನಂತಿ. ಮನೆಯ ಮಕ್ಕಳ ಸಹಾಯ ಪಡೆಯಲು ಸಂಕೋಚ ಬೇಡ. ಗುಂಡಿ ಒತ್ತುವುದು ಅವರಿಗೆ ಗೊತ್ತು, ಯಾವುದನ್ನು ಉಳಿಸಬೇಕೆಂಬುದು ನಿಮಗೆ ಗೊತ್ತು.