ಕಣ್ಣು ಮುಚ್ಚಿ ಬಕೆಟ್ ತುಂಬಿಸುವ ಲೆಕ್ಕ

ದಸರಾ ರಜೆಗೆ ಇಂಡಿಗೆ ಬಂದಿದ್ದ ಮೊಮ್ಮಗಳು ಬಚ್ಚಲಲ್ಲಿ ಒಂದು ಆಟ ಹೂಡಿದಳು. “ಅಜ್ಜಾ, ಕಣ್ಣ ಮುಚ್ಚಿ ಹತ್ತು ಲೀಟರ್ ನೀರು ತುಂಬಸ್ತೀನಿ, ನೋಡು.” ನಲ್ಲಿ ಬಿಟ್ಟು, ಇಪ್ಪತ್ತರವರೆಗೆ ಎಣಿಸಿ ನಿಲ್ಲಿಸಿದಳು. 15 ಲೀಟರಿನ ಆ ಬಕೆಟ್ಟಿನ ಒಳಗೆ ನಾನು ಲೀಟರಿಗೊಂದು ಗೆರೆ ಹಾಕಿಟ್ಟಿದ್ದೆ. ನೀರು 7ನೇ ಗೆರೆಗೆ ನಿಂತಿತ್ತು. 3 ಲೀಟರ್ ಕಡಿಮೆ!

ಬ್ಯಾಂಕಿನಲ್ಲಿ ಗುಮಾಸ್ತನಾಗಿದ್ದವನಿಗೆ ಲೆಕ್ಕದಲ್ಲಿ ಕೊರತೆ ಕಂಡರೆ ಸುಮ್ಮನೆ ಕೂರಲು ಆಗುವುದಿಲ್ಲ. “ಕಡಿಮೆ ಬಿದ್ದ ಲೀಟರಿಗೆ ಎರಡರಂತೆ ಎಣಿಕೆ ಕೂಡಿಸು, ಹೆಚ್ಚಾದರೆ ಹಾಗೇ ಕಳೆ” ಎಂದೆ. ಎರಡನೇ ಸಲ 26 ಎಣಿಸಿದಳು. 9.1 ಲೀಟರ್ ಬಂತು. ಮೂರನೇ ಸಲ 28 ಎಣಿಸಿದಾಗ 9.8 ಲೀಟರ್. ನಲ್ಲಿಯ ನೀರು ಎಷ್ಟು ವೇಗವಾಗಿ ಬರುತ್ತದೆ ಎಂದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಾಗುವ ಅಗತ್ಯವೂ ಬೀಳಲಿಲ್ಲ. ಹಿಂದಿನ ಸಲದ ತಪ್ಪೇ ಮುಂದಿನ ಸಲದ ಎಣಿಕೆಯನ್ನು ಹೇಳಿಕೊಟ್ಟಿತು.

“ಎರಡರ ಬದಲಿ ಆರು ಕೂಡಿಸಿದ್ರ ಲಗೂನ ಆಗ್ತದಲ್ಲ?” ಎಂದಳು. ಒಳ್ಳೆಯ ಪ್ರಶ್ನೆ. ಮತ್ತೆ 20ರಿಂದ ಶುರು ಮಾಡಿದೆವು. 3 ಲೀಟರ್ ಕಡಿಮೆ, ಅಂದರೆ 18 ಕೂಡಿಸಿ 38 ಎಣಿಸಬೇಕು. ನೀರು 13.3 ಲೀಟರಿಗೆ ಏರಿತು. ಈಗ 3.3 ಹೆಚ್ಚು, 20 ಕಳೆದು 18 ಎಣಿಸಿದಳು. 6.3 ಲೀಟರ್! ತಪ್ಪು 3, 3.3, 3.7 ಎಂದು ಬೆಳೆಯುತ್ತಲೇ ಹೋಯಿತು. ಅವಸರ ಮಾಡಿದ್ದಕ್ಕೆ ಬಚ್ಚಲೆಲ್ಲ ನೀರು, ಅಜ್ಜಿಯ ಕೈಯಲ್ಲಿ ಇಬ್ಬರಿಗೂ ಬೈಗುಳ.

ಈ ಆಟಕ್ಕೆ ಎಂಜಿನಿಯರುಗಳು ಇಟ್ಟ ಹೆಸರು ಪುನರಾವರ್ತಿತ ಕಲಿಕಾ ನಿಯಂತ್ರಣ. ಹೆಸರಷ್ಟೇ ಕಠಿಣ. 1984ರಲ್ಲಿ ಜಪಾನಿನ ಸುಗುರು ಅರಿಮೋಟೊ ಮತ್ತು ಅವರ ಇಬ್ಬರು ಸಂಗಡಿಗರು ಬರೆದ ಪ್ರಬಂಧದಿಂದ ಇದು ಹೆಸರಾಯಿತು. ಕಾರ್ಖಾನೆಯ ರೋಬೋಟಿನ ತೋಳು ದಿನಕ್ಕೆ ಸಾವಿರ ಸಲ ಅದೇ ಕೆಲಸ ಮಾಡುತ್ತದೆ. ಸಾವಿರ ಸಲವೂ ಅದೇ ತಪ್ಪು ಏಕೆ ಮಾಡಬೇಕು? ಈ ಸಲ ಎಲ್ಲಿ ಎಷ್ಟು ತಪ್ಪಿತೋ ಅದನ್ನು ನೆನಪಿಟ್ಟುಕೊಂಡು ಮುಂದಿನ ಸಲ ತಿದ್ದಿಕೊಳ್ಳಲಿ ಎಂಬುದು ಅವರ ವಿಚಾರ. ಎಷ್ಟು ತಿದ್ದಿದರೆ ತಪ್ಪು ಇಳಿಯುತ್ತದೆ, ಎಷ್ಟು ತಿದ್ದಿದರೆ ಏರುತ್ತದೆ ಎಂಬುದಕ್ಕೂ ಗಣಿತವಿದೆ. ನಮ್ಮ ಎರಡು ಮತ್ತು ಆರರ ಕಥೆಯೇ ಅದು.

ನನಗೆ ಆಗ ನೆನಪಾದದ್ದು ಕಾಲುವೆ. ಬಸವನ ಬಾಗೇವಾಡಿ, ಸಿಂದಗಿ ಎಂದು ವರ್ಗವಾಗುತ್ತ ಮುದ್ದೇಬಿಹಾಳಕ್ಕೂ ಹೋಗಿದ್ದೆ. ಆ ತಾಲ್ಲೂಕಿನ ಅಂಚಿನಲ್ಲೇ ಕೃಷ್ಣೆಗೆ ಕಟ್ಟಿದ ಬಸವಸಾಗರ ಇದೆ. ಅಲ್ಲಿಂದ ಹೊರಡುವ ನಾರಾಯಣಪುರ ಎಡದಂಡೆ ಕಾಲುವೆಯ ಒಂದು ಕವಲು ಸಿಂದಗಿ ದಾಟಿ ನಮ್ಮ ಇಂಡಿಯತ್ತ ಬರುತ್ತದೆ. ನೂರಕ್ಕೂ ಹೆಚ್ಚು ಕಿಲೋಮೀಟರ್ ದಾರಿ. ಮೇಲೆ ಗೇಟು ಎತ್ತಿದವನಿಗೆ ಕೊನೆಯ ಹೊಲ ಕಾಣುವುದಿಲ್ಲ. ಅವನೂ ಕಣ್ಣು ಮುಚ್ಚಿ ಬಕೆಟ್ ತುಂಬಿಸುವವನೇ. ಬ್ಯಾಂಕಿಗೆ ಬರುತ್ತಿದ್ದ ಹಳೆಯ ಗೇಟಿನವರೊಬ್ಬರು, ಇಷ್ಟು ಸುತ್ತು ತಿರುಗಿಸಿದರೆ ಯಾವ ಊರಿಗೆ ಯಾವಾಗ ನೀರು ಮುಟ್ಟುತ್ತದೆ ಎಂದು ಬೆರಳು ಮಡಚಿ ಹೇಳುತ್ತಿದ್ದರು. ಒಂದೊಂದು ಸರದಿಯಲ್ಲೂ ತಪ್ಪಿ ತಪ್ಪಿ ಕಲಿತ ಲೆಕ್ಕ ಅದು.

ಮರುದಿನ ಬೆಳಿಗ್ಗೆ ಮೊಮ್ಮಗಳ 28ರ ಲೆಕ್ಕ ಕೈಕೊಟ್ಟಿತು. 8 ಲೀಟರೇ ಬಂತು. ಮೇಲಿನ ಟ್ಯಾಂಕ್ ಅರ್ಧ ಖಾಲಿಯಾಗಿ ನಲ್ಲಿಯ ಓಟ ತಗ್ಗಿತ್ತು. ಕಲಿತದ್ದು ನಡೆಯುವುದು ಎಲ್ಲವೂ ಹಿಂದಿನಂತೆಯೇ ಇದ್ದಾಗ ಮಾತ್ರ. ಕಾಲುವೆ ಎಂದೂ ಹಾಗಿರುವುದಿಲ್ಲ. ಹೂಳು, ಹುಲ್ಲು, ನಡುವೆ ಇಳಿದ ಪಂಪು, ಹಠಾತ್ತನೆ ಸುರಿದ ಮಳೆ ಎಲ್ಲ ಲೆಕ್ಕವನ್ನೂ ಕೆಡಿಸುತ್ತವೆ. ಅದಕ್ಕೇ ಕಲಿತರೆ ಸಾಲದು, ಕಣ್ಣು ತೆರೆದೂ ನೋಡಬೇಕು.

ಕೃಷ್ಣಾ ಭಾಗ್ಯ ಜಲ ನಿಗಮದ ಈ ಎಡದಂಡೆ ಕಾಲುವೆಗೆ ಈಗ ಅಂಥ ಕಣ್ಣು ಬಂದಿದೆ. ನವೀಕರಣಗೊಂಡ ಕಾಲುವೆ ಯೋಜನೆ 2023ರ ಜನವರಿ 19ರಂದು ಯಾದಗಿರಿ ಜಿಲ್ಲೆಯ ಕೊಡೇಕಲ್ಲಿನಲ್ಲಿ ಉದ್ಘಾಟನೆಯಾಯಿತು. ಸೌರ ಫಲಕದಿಂದ ನಡೆಯುವ ಗೇಟುಗಳು ನೀರಿನ ಮಟ್ಟ, ಹರಿವು ಎರಡನ್ನೂ ಅಳೆದು ರೇಡಿಯೊ ಮೂಲಕ ತಿಳಿಸುತ್ತವೆ; ಕಂಪ್ಯೂಟರ್ ಅವನ್ನು ಏರಿಸಿ ಇಳಿಸುತ್ತದೆ. ಗೇಟುಗಳು ಆಸ್ಟ್ರೇಲಿಯಾದ ರೂಬಿಕಾನ್ ಕಂಪನಿಯವು. ಗೇಟು ಇಷ್ಟು ಎತ್ತಿದಾಗ ನೀರು ಎಷ್ಟು ಏರಿತು ಎಂಬ ದಾಖಲೆಗಳಿಂದಲೇ ಕಾಲುವೆಯ ಸ್ವಭಾವವನ್ನು ಕಂಡುಹಿಡಿಯುವ ವಿಧಾನವನ್ನು ಆ ಕಂಪನಿಯೊಂದಿಗೆ ಮೆಲ್ಬರ್ನ್ ವಿಶ್ವವಿದ್ಯಾಲಯದವರು ರೂಪಿಸಿದರು. ಇದು ಅರಿಮೋಟೊ ಅವರ ವಿಧಾನವೇ ಅಲ್ಲ, ಅದರ ದಾಯಾದಿ ಎನ್ನಬಹುದು.

ನನ್ನ ತಮ್ಮನ ನಿಂಬೆ ತೋಟ ಕಾಲುವೆಯ ಕೊನೆಗಿದೆ. ಮೇಲೆ ನೀರು ಬಿಟ್ಟ ತಾರೀಕು, ತೋಟದ ಹತ್ತಿರ ಬಂದು ಮುಟ್ಟಿದ ತಾರೀಕು ಎರಡನ್ನೂ ಅವನು ಒಂದು ಹಳೆಯ ಡೈರಿಯಲ್ಲಿ ಬರೆದಿಡುತ್ತಾನೆ. ಮೊಮ್ಮಗಳು ಅದನ್ನು ಕಸಿದುಕೊಂಡು, ಪಕ್ಕದಲ್ಲಿ ಮೂರನೇ ಗೆರೆ ಎಳೆದು ದಿನಗಳ ಅಂತರ ಬರೆಯತೊಡಗಿದಳು. “ಕಾಕಾ ಅಜ್ಜಾ, ಈ ಸಲದ್ದು ಎರಡನೇ ತಾರೀಕು ಬರದೇ ಇಲ್ಲಲ್ಲ?” ಎಂದಳು.

“ನೀರು ಇನ್ನೂ ಬಂದಿಲ್ಲವ್ವಾ. ಬಂದ ಮ್ಯಾಲ ನೀನೇ ಬರಿ” ಎಂದ ನನ್ನ ತಮ್ಮ.