ಬೆಲ್ಟ್ ಕಟ್ಟಿದರೆ ಜೋತ ಚರ್ಮ ಬಿಗಿಯಾಗುತ್ತದೆಯೇ?

ಪ್ರಶ್ನೆ: ತೂಕ ಇಳಿಸುವ ಆಪರೇಷನ್ ಆದ ಮೇಲೆ ನಮ್ಮ ಅಕ್ಕ ದಿನವಿಡೀ ಹೊಟ್ಟೆಗೆ ಬೆಲ್ಟ್ ಬಿಗಿದುಕೊಂಡೇ ಇರುತ್ತಾರೆ. ಇದರಿಂದ ಜೋತುಬಿದ್ದ ಚರ್ಮ ಮೊದಲಿನಂತಾಗುತ್ತದೆಯೇ?

ಉತ್ತರ: ಆಗುವುದಿಲ್ಲ. ಬೆಲ್ಟ್ ಚರ್ಮವನ್ನು ಎತ್ತಿ ಹಿಡಿಯುತ್ತದೆ, ಕುಗ್ಗಿಸುವುದಿಲ್ಲ. ವರ್ಷಗಟ್ಟಲೆ ಹಿಗ್ಗಿದ ಚರ್ಮದಲ್ಲಿ ಕೊಲಾಜೆನ್, ಎಲಾಸ್ಟಿನ್ ಎಂಬ ನಾರುಗಳು ಸೊರಗಿರುತ್ತವೆ. ಹೊರಗಿನಿಂದ ಎಷ್ಟು ಅದುಮಿದರೂ ಅವು ಹಳೆಯ ಬಿಗಿ ಪಡೆಯುವುದಿಲ್ಲ.

ಹಾಗೆಂದು ಬೆಲ್ಟ್ ದಂಡವೇನಲ್ಲ. ಆಪರೇಷನ್ ಆದ ಹೊಸದರಲ್ಲಿ ಕೆಮ್ಮುವಾಗ, ಹಾಸಿಗೆಯಿಂದ ಏಳುವಾಗ ಹೊಟ್ಟೆಗೆ ಆಸರೆ ಸಿಕ್ಕಿ ನೋವು ಕಡಿಮೆಯೆನಿಸಬಹುದು. ಮುಂದೆ ತೂಕ ಇಳಿದಾಗ, ನಡೆಯುವಾಗ ಚರ್ಮ ಅಲುಗಾಡಿ ಉಜ್ಜುವುದನ್ನೂ ತಡೆಯುತ್ತದೆ. ಆದರೆ ಅತಿಯಾಗಿ ಬಿಗಿದರೆ ಜಠರದ ಮೇಲೆ ಒತ್ತಡ ಬಿದ್ದು ಹುಳಿತೇಗು, ಎದೆಯುರಿ ಹೆಚ್ಚಬಹುದು. ಊಟದ ಹೊತ್ತಿಗೆ ಸಡಿಲಿಸುವುದು ಒಳ್ಳೆಯದು.

ಮಡಿಕೆಗಳಲ್ಲಿ ಬೆವರು ನಿಂತರೆ ಚರ್ಮ ಕೆಂಪಾಗಿ, ತುರಿಸಿ, ಫಂಗಸ್ ಹತ್ತುತ್ತದೆ. ಸ್ನಾನದ ನಂತರ ಮಡಿಕೆ ಬಿಡಿಸಿ ಒಣಗಿಸಿ, ತೆಳ್ಳನೆಯ ಹತ್ತಿ ಬನಿಯನ್ ಮೇಲೆ ಬೆಲ್ಟ್ ಕಟ್ಟಬೇಕು. ವಾಸನೆ, ಕೀವು ಕಂಡರೆ ಡಾಕ್ಟರಿಗೆ ತೋರಿಸಿ.

ಆಸ್ಪತ್ರೆಯಲ್ಲಿ ಕಾಲಿಗೆ ಹಾಕುವ ಬಿಗಿ ಸ್ಟಾಕಿಂಗ್ಸ್‌ನ ಕೆಲಸವೇ ಬೇರೆ: ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟದಂತೆ ನೋಡಿಕೊಳ್ಳುವುದು.

ಹೆಚ್ಚುವರಿ ಚರ್ಮ ಹೋಗಲೇಬೇಕೆಂದರೆ ಪ್ಲಾಸ್ಟಿಕ್ ಸರ್ಜರಿಯೇ ದಾರಿ. ತೂಕ ಒಂದು ಮಟ್ಟದಲ್ಲಿ ನಿಲ್ಲಬೇಕಾದ್ದರಿಂದ ತೂಕ ಇಳಿಸುವ ಆಪರೇಷನ್ ಆದ ಮೇಲೆ ಸಾಮಾನ್ಯವಾಗಿ 12ರಿಂದ 18 ತಿಂಗಳು ಕಾಯಿಸುತ್ತಾರೆ. ಪ್ಲಾಸ್ಟಿಕ್ ಸರ್ಜರಿ ಆದ ಮೇಲೆ ಕೆಲವು ವಾರ ತೊಡಬೇಕಾದ ಬಿಗಿ ಉಡುಪು ಬಾವು ಇಳಿಸಲು ನೆರವಾಗುತ್ತದೆ; ಎಷ್ಟು ದಿನ ಎಂಬುದನ್ನು ಸರ್ಜನ್ ಹೇಳುತ್ತಾರೆ.